ಗಾಜಿನ ಪ್ರನಾಳದಲ್ಲಿ ಕಲ್ಲಿದ್ದಲು ಅನಿಲ: ನನ್ನ ಅನುಭವ

ಪ್ರೌಢಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದಾಗ, 1813ರ ಕೊನೆಯ ದಿನ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ದೀಪಗಳು ಕಲ್ಲಿದ್ದಲಿನಿಂದ ತೆಗೆದ ಅನಿಲದಲ್ಲಿ ಉರಿದವು ಎಂದರೆ ಮಕ್ಕಳು ನಂಬುತ್ತಿರಲಿಲ್ಲ. ಹಾಗಾಗಿ ಇಟ್ಟಿಗೆ ಗೂಡಿನಿಂದ ಒಂದು ಹಿಡಿ ಕಲ್ಲಿದ್ದಲು ತರಿಸಿ, ಕುಟ್ಟಿ, ಗಟ್ಟಿ ಗಾಜಿನ ಪ್ರನಾಳಕ್ಕೆ ತುಂಬಿ ಕಾಯಿಸಿದೆ. ಗಾಳಿ ಸೋಕದಂತೆ ಕಾದ ಕಲ್ಲಿದ್ದಲು ಉರಿಯುವುದಿಲ್ಲ, ಅನಿಲ, ಡಾಂಬರು ಮತ್ತು ಕೋಕ್ (ಕೊನೆಗೆ ಉಳಿಯುವ ಇಂಗಾಲದ ಗಟ್ಟಿ) ಆಗಿ ಬೇರ್ಪಡುತ್ತದೆ. ಸ್ಕಾಟ್ಲೆಂಡಿನ ಎಂಜಿನಿಯರ್ ವಿಲಿಯಂ ಮರ್ಡಾಕ್ 1792ರಲ್ಲಿ ಇಂಗ್ಲೆಂಡಿನ ರೆಡ್ರೂತ್‌ನ ತನ್ನ ಮನೆಗೆ ಬೆಳಕು ಮಾಡಿಕೊಂಡದ್ದೂ ಹೀಗೆಯೇ.

ಮೊದಲ ಸಲ ಪ್ರನಾಳಕ್ಕೆ ನೇರವಾಗಿ ಸಣ್ಣ ನಳಿಕೆ ಜೋಡಿಸಿದ್ದೆ. ಕಂದು ಹೊಗೆ ಬಂತು. ಸ್ವಲ್ಪ ಹೊತ್ತಿಗೆ ನಳಿಕೆ ಡಾಂಬರಿನಿಂದ ಕಟ್ಟಿಕೊಂಡು ಬಿರಡೆ ಹಾರಿತು. ಎರಡನೆಯ ಸಲ ನಡುವೆ ಬಾಗಿದ ನಳಿಕೆಯೊಂದನ್ನು ತಣ್ಣೀರಿನಲ್ಲಿಟ್ಟಾಗ ಡಾಂಬರು ಅಲ್ಲಿಯೇ ತಂಗಿತು. ಅದರೊಡನೆ ಸೇರಿದ್ದ ನೀರು ಕೆಂಪು ಲಿಟ್ಮಸ್ಸನ್ನು ನೀಲಿ ಮಾಡಿತು, ಅಂದರೆ ಅಮೋನಿಯ. ಆದರೆ ಬರ್ನರ್ ಆರಿಸಿದ ಕೂಡಲೇ ಅನಿಲ ಸಂಗ್ರಹಿಸುತ್ತಿದ್ದ ತೊಟ್ಟಿಯ ನೀರು ಹಿಂದಕ್ಕೆ ನುಗ್ಗಿ ಕಾದ ಪ್ರನಾಳ ಸಿಡಿಯಿತು.

ಹಿಂದಿನ ಕಲ್ಲಿದ್ದಲು ಅನಿಲ ಕಾರ್ಖಾನೆಯ ರಚನೆ ನನಗೆ ನಿಜವಾಗಿ ಅರ್ಥವಾದದ್ದು ಆಗಲೇ. ಸಾಲು ರಿಟಾರ್ಟ್‌ಗಳಿಂದ (ಕಲ್ಲಿದ್ದಲು ಕಾಯಿಸುವ ಮುಚ್ಚಿದ ಪಾತ್ರೆಗಳಿಂದ) ಮೇಲೇರಿ ಬರುವ ಕೊಳವೆಗಳ ತುದಿಗಳು, ಅಡ್ಡಲಾಗಿ ಮಲಗಿದ ದೊಡ್ಡ ಕೊಳವೆಯೊಂದರಲ್ಲಿ ನಿಂತ ಡಾಂಬರು ಮತ್ತು ನೀರಿನಲ್ಲಿ ಮುಳುಗಿರುತ್ತಿದ್ದವು. ಅನಿಲ ಗುಳ್ಳೆಗಳಾಗಿ ಮುಂದೆ ಹೋಗಬಹುದಿತ್ತೇ ಹೊರತು, ಕೋಕ್ ಎಳೆದು ಹೊಸ ಕಲ್ಲಿದ್ದಲು ತುಂಬಲು ರಿಟಾರ್ಟಿನ ಬಾಯಿ ತೆರೆದಾಗ ಹಿಂದಿರುಗುವಂತಿರಲಿಲ್ಲ.

ಮೂರನೆಯ ಸಲ, ತಣಿದ ಅನಿಲಕ್ಕೆ ಲೆಡ್ ಅಸಿಟೇಟ್ ಕಾಗದ ಹಿಡಿದಾಗ ಹೈಡ್ರೋಜನ್ ಸಲ್ಫೈಡಿನಿಂದ ಅದು ಕಪ್ಪಾಯಿತು. ಎಲೆಯಡಿಕೆಗೆ ಬಳಸುವ ಸುಣ್ಣವನ್ನು ನೀರಿನಲ್ಲಿ ಕದಡಿ, ಅದರ ಮೂಲಕ ಅನಿಲ ಹಾಯಿಸಿದ ಮೇಲೆ ಹಿಡಿದ ಕಾಗದ ತುಸು ಮಾತ್ರ ಕಂದಿತು. ಇಂಗ್ಲೆಂಡಿನ ಅನಿಲ ಎಂಜಿನಿಯರ್ ಸ್ಯಾಮ್ಯುಯೆಲ್ ಕ್ಲೆಗ್ ಬಳಕೆಗೆ ತಂದ ಸುಣ್ಣದ ಶುದ್ಧೀಕರಣವೂ ಇದೇ. ಬಳಸಿದ ಸುಣ್ಣದ ದುರ್ನಾತವಂತೂ ನಮ್ಮ ಪ್ರಯೋಗಶಾಲೆಯನ್ನು ಎರಡು ದಿನ ಬಿಡಲಿಲ್ಲ.

ನೀರಿನ ಬಕೆಟ್ಟಿನಲ್ಲಿ ಬೋರಲು ಹಾಕಿದ, ಬುಡ ಕತ್ತರಿಸಿದ ಬಾಟಲಿಯೇ ನಮ್ಮ ಅನಿಲಗೂಡು, ಅಂದರೆ ಅನಿಲ ತುಂಬಿಡುವ ಪಾತ್ರೆ. ಒಳಗಿನ ಗಾಳಿ ಪೂರ್ತಿ ಹೊರಹೋಗಿದೆಯೆಂದು ಖಚಿತಪಡಿಸಿಕೊಳ್ಳದೆ ಕಡ್ಡಿ ಗೀರಿದರೆ ಸ್ಫೋಟದ ಅಪಾಯವಿದೆ. ಅನಿಲದಲ್ಲಿ ವಿಷಕಾರಿ ಕಾರ್ಬನ್ ಮೊನಾಕ್ಸೈಡ್ ಇರುವುದರಿಂದ ಕಿಟಕಿಗಳೂ ತೆರೆದಿರಬೇಕು. ಮೇಲೊಂದು ಕಲ್ಲಿಟ್ಟಾಗ ಒತ್ತಡ ಹೆಚ್ಚಿ, ಮೂತಿಯ ಹಳದಿ ಜ್ವಾಲೆ ಉದ್ದವಾಯಿತು.

ಕಾರ್ಖಾನೆಯಲ್ಲಿ ಕೆಂಡದಂತಹ ಕೋಕನ್ನು ಉದ್ದನೆಯ ಸಲಾಕೆಗಳಿಂದ ಎಳೆದು, ಒಂದಷ್ಟನ್ನು ರಿಟಾರ್ಟ್ ಕಾಯಿಸುವ ಕುಲುಮೆಗೇ ಉರುವಲಾಗಿ ಹಾಕುತ್ತಿದ್ದರು. ನಮ್ಮದು ಬೂದುಬಣ್ಣದ ಮುದ್ದೆಯಾಗಿ ಗಾಜಿಗೆ ಅಂಟಿದ್ದರಿಂದ ಪ್ರನಾಳವನ್ನೇ ಒಡೆಯಬೇಕಾಯಿತು.