ಕೊನೆಗೂ ಹಾರಿತು ನನ್ನ ಸಿ ಸೀರೀಸ್

"ಅವಳಿ ಇಡಿಎಫ್ ಬೇಡ ಮಾರಾಯ, ಒಂದು ನಿಂತರೆ ಕಥೆ ಮುಗೀತು" ಎಂದು ಮಾಂಟ್ರಿಯಲ್‌ನ ಆರ್‌ಸಿ (ರಿಮೋಟ್ ವಿಮಾನ) ಗೆಳೆಯರೆಲ್ಲ ಹೇಳಿದ್ದರು. ಇಡಿಎಫ್ ಅಂದರೆ ಕೊಳವೆಯೊಳಗೆ ತಿರುಗುವ ವಿದ್ಯುತ್ ಫ್ಯಾನ್. ಹೋದ ಭಾನುವಾರ ನನ್ನ 1:24 ಅಳತೆಯ, ಸಿ ಸೀರೀಸ್‌ನ ಸಿಎಸ್300 ಮಾದರಿ ವಿಮಾನ ನಾಲ್ಕು ನಿಮಿಷ ಹಾರಿ, ಇಡಿಯಾಗಿ ವಾಪಸ್ ಬಂತು. ಅದಕ್ಕೇ ಬರೆಯುತ್ತಿದ್ದೇನೆ.

ಬೊಂಬಾರ್ಡಿಯರ್ ಕಂಪನಿ ಅಸಲಿ ವಿಮಾನ ಕಟ್ಟಿದ್ದು ಇಲ್ಲೇ ಪಕ್ಕದ ಮಿರಾಬೆಲ್‌ನಲ್ಲಿ. 2018ರಿಂದ ಅದು ಏರ್‌ಬಸ್ ಎ220. ನನ್ನ ಬಾಯಿಗೆ ಮಾತ್ರ ಹಳೇ ಹೆಸರೇ ಬರುತ್ತದೆ. ಇದನ್ನೇ ಆರಿಸಿದ್ದು ಎಂಜಿನ್ ನೋಡಿ. ಪ್ರಾಟ್ ಅಂಡ್ ವಿಟ್ನಿಯ ಗೇರ್ ಇರುವ ಎಂಜಿನ್, ಫ್ಯಾನೇ 73 ಇಂಚು. 24ರಿಂದ ಭಾಗಿಸಿ: ಹೆಚ್ಚುಕಡಿಮೆ 77 ಮಿ.ಮೀ. ನಮ್ಮ 70 ಮಿ.ಮೀ. ಫ್ಯಾನ್ ಆರಾಮಾಗಿ ಕೂರುತ್ತದೆ, ನೆಸೆಲ್ (ಎಂಜಿನ್ ಕವಚ) ಉಬ್ಬಿಸಿ ಮೋಸ ಮಾಡಬೇಕಿಲ್ಲ. ಹಳೇ ಬೋಯಿಂಗ್ 737ರಲ್ಲಿ ಇದು ಆಗಲ್ಲ ಬಿಡಿ.

ಮೊದಲನೆಯದು ಗೆಳೆಯರು ಹೇಳಿದ ಹಾಗೇ ಸತ್ತಿತು. ಎರಡೂ ಇಎಸ್‌ಸಿಗಳನ್ನು (ಮೋಟಾರ್ ವೇಗ ನಿಯಂತ್ರಕ) ಹೊಟ್ಟೆಯೊಳಗೆ ತುರುಕಿದ್ದೆ, ಗಾಳಿಯೇ ಇಲ್ಲ. ಏರುವಾಗ ಎಡಗಡೆಯದು ಕಾದು ಕಟ್ ಆಯಿತು. ಗಿರಕಿ ಹೊಡೆದು ಮೂಗು ಕೆಳಗೆ. ಸುಮಾರು 600 ಡಾಲರ್ ಮಣ್ಣುಪಾಲು. ಹೆಂಡತಿ ಅಂದಳು: "ರೀ, ಬೊಂಬಾರ್ಡಿಯರ್‌ಗಾದರೆ ಕ್ವಿಬೆಕ್ ಸರ್ಕಾರ 100 ಕೋಟಿ ಡಾಲರ್ ಕೊಟ್ಟಿತು. ನಿಮಗೆ ಯಾರು ಕೊಡ್ತಾರೆ?"

ಎರಡನೆಯದರಲ್ಲಿ ಇಎಸ್‌ಸಿಗಳನ್ನು ಪೈಲಾನ್‌ಗೆ (ಎಂಜಿನ್ ರೆಕ್ಕೆಗೆ ತಗುಲಿಸುವ ತೋಳು) ತಂದೆ. ಬ್ಯಾಟರಿ ವೈರ್ ಉದ್ದವಾಯಿತು, ವೋಲ್ಟೇಜ್ ಜಿಗಿತ ತಡೆಯುವ ಕೆಪಾಸಿಟರ್ ಹಾಕೋದು ಮರೆತೆ. ಬೆಂಚ್ ಮೇಲೇ ಹೊಗೆ. ಗೊತ್ತಿದ್ದೂ ಮಾಡಿದ ತಪ್ಪು, ಅಲ್ವಾ?

ನಡುವೆ ಒಂದು ಹುಚ್ಚು. ಅಸಲಿ ರೆಕ್ಕೆಯನ್ನು ಬೆಲ್‌ಫಾಸ್ಟ್‌ನಲ್ಲಿ ಒಣ ಕಾರ್ಬನ್ ಬಟ್ಟೆ ಹಾಸಿ, ಆಮೇಲೆ ರೆಸಿನ್ (ಗಟ್ಟಿಯಾಗುವ ರಾಳ) ತುಂಬಿಸಿ ಮಾಡುತ್ತಾರೆ. ನಾನೂ ಬೇಸ್‌ಮೆಂಟ್‌ನಲ್ಲಿ ಬಟ್ಟೆಗೆ ಪ್ಲಾಸ್ಟಿಕ್ ಬ್ಯಾಗ್ ಮುಚ್ಚಿ, ಗಾಳಿ ಹೀರುವ ಪಂಪ್ ಇಟ್ಟು ಕೂತೆ. ಬ್ಯಾಗ್ ಎಲ್ಲೋ ಸೋರಿತು. ಬೆಳಗ್ಗೆ ನೋಡಿದರೆ ಅರ್ಧ ರೆಕ್ಕೆ ಒಣಗಿದ ಬಟ್ಟೆ, ಉಳಿದ ರೆಸಿನ್ ಬಕೆಟ್‌ನಲ್ಲಿ ಕಲ್ಲು. 120 ಡಾಲರ್ ಹೋಯಿತು. ಕೊನೆಗೆ ನೀಲಿ ಫೋಮ್, ಒಂದು ಕಾರ್ಬನ್ ಪೈಪ್, ಮೇಲೆ ಬ್ರೌನ್ ಪೇಪರ್. ಅಂಟಿಗೆ ಏನು ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಚಳಿಗಾಲದಲ್ಲಿ ಗಾಲಿ ಬಿಚ್ಚಿ ಹಿಮದ ಮೇಲೆ ಇಳಿಸಿದೆ, 200 ಗ್ರಾಂ ಉಳಿಯಿತು. ಆದರೆ ಈ ನೆಸೆಲ್‌ಗಳು ನೆಲಕ್ಕೆ ಎಷ್ಟು ಹತ್ತಿರ! ಎರಡೂ ಫ್ಯಾನ್ ಬಾಯ್ತುಂಬ ಹಿಮ ಗೋರಿಕೊಂಡವು. ಮನೆಗೆ ತಂದು ಹೇರ್ ಡ್ರೈಯರ್ ಹಿಡಿದೆ. ಗಾಲಿ ವಾಪಸ್.

ಈಗಿನದು 2.3 ಕೆ.ಜಿ. ಆಸುಪಾಸು, ಖರ್ಚು 350 ಡಾಲರ್ ಇರಬಹುದು. ರಡ್ಡರ್ (ಬಾಲದ ಚುಕ್ಕಾಣಿ) ಜೊತೆ ಥ್ರಾಟಲ್ ಮಿಕ್ಸ್ ಮಾಡಿದ್ದೇನೆ, ಅಂದರೆ ಅದು ತಿರುಗಿದಾಗ ಎರಡು ಫ್ಯಾನ್‌ಗಳ ವೇಗವೂ ಬೇರೆ ಬೇರೆ ಆಗುತ್ತದೆ; ಎಷ್ಟು ಪರ್ಸೆಂಟ್ ಅಂತ ಕೇಳಬೇಡಿ. ಭಾನುವಾರ ಮೇಲಿದ್ದಾಗ ಬೇಕಂತಲೇ ಬಲ ಫ್ಯಾನ್ ನಿಲ್ಲಿಸಿದೆ. ಮೂಗು ಸ್ವಲ್ಪ ಬಲಕ್ಕೆ ಎಳೆಯಿತು, ಅಷ್ಟೇ. ಅರ್ಧ ಸುತ್ತು ಒಂದರಲ್ಲೇ ಬಂತು. ಇಳಿಸಿ ಅಳೆದರೆ ಬ್ಯಾಟರಿಯಲ್ಲಿ ಇನ್ನೂ ಮೂವತ್ತು ಪರ್ಸೆಂಟ್ ಇತ್ತು.