ಜಡ್ಜ್ ಮೇಲೆ ದೂರು ಕೊಡುವ ಮುನ್ನ ನಕಲಿಗೆ ಅರ್ಜಿ ಹಾಕಿ

ವಕೀಲರ ಗುಮಾಸ್ತನಾಗಿ 26 ವರ್ಷ ಕೋರ್ಟಿನ ಆವರಣದಲ್ಲೇ ಕಳೆದಿದ್ದೇನೆ. ಸೋತ ಕಕ್ಷಿದಾರರು ಹೊರಬಂದು ಕೇಳುವ ಮೊದಲ ಮಾತು, ‘ಈ ಜಡ್ಜ್ ಮೇಲೆ ಎಲ್ಲಿ ದೂರು ಕೊಡಬೇಕು?’ ನಾನು ತಿರುಗಿ ಕೇಳುತ್ತೇನೆ: ನಿಮ್ಮ ತಕರಾರು ತೀರ್ಪಿನ ಮೇಲೋ, ನ್ಯಾಯಾಧೀಶರ ನಡತೆಯ ಮೇಲೋ?

ತೀರ್ಪಿನ ಮೇಲಾದರೆ ದಾರಿ ಮೇಲ್ಮನವಿ. ಕಾನೂನನ್ನು ತಪ್ಪಾಗಿ ಅರ್ಥೈಸಿದ್ದಕ್ಕೇ ನ್ಯಾಯಾಧೀಶರನ್ನು ದಂಡಿಸುವಂತಿಲ್ಲ. ದಂಡಿಸತೊಡಗಿದರೆ ಬಲಾಢ್ಯರ ವಿರುದ್ಧ ತೀರ್ಪು ಬರೆಯಲು ಯಾರಿಗೂ ಧೈರ್ಯ ಬಾರದು. ಸಿವಿಲ್ ದಾವೆಯಲ್ಲಿ ಮೇಲ್ಮನವಿ ಹಾಕಲು ಗಡುವು ಹೈಕೋರ್ಟಿಗಾದರೆ 90 ದಿನ, ಉಳಿದ ಮೇಲಿನ ನ್ಯಾಯಾಲಯಗಳಿಗೆ 30 ದಿನ. ಮೇಲ್ಮನವಿಗೆ ಬೇಕಾದ ತೀರ್ಪಿನ ದೃಢೀಕೃತ ನಕಲು ಸಿಗಲು ಹಿಡಿದ ದಿನಗಳು ಈ ಲೆಕ್ಕಕ್ಕೆ ಸೇರುವುದಿಲ್ಲ.

ಲಂಚ, ಎದುರು ಪಕ್ಷದವರೊಂದಿಗೆ ಒಡನಾಟ, ಜಾತಿ ಎತ್ತಿ ಹೀಯಾಳಿಸುವುದು ನಡತೆಯ ವಿಷಯ. ಸಂವಿಧಾನದ 235ನೇ ವಿಧಿಯಂತೆ ಕೆಳಹಂತದ ನ್ಯಾಯಾಧೀಶರು ಹೈಕೋರ್ಟಿನ ಹತೋಟಿಯಲ್ಲಿದ್ದಾರೆ. ಅಲ್ಲಿನ ರಿಜಿಸ್ಟ್ರಾರ್ ಜನರಲ್ ಅವರಿಗೆ ಬರೆಯಿರಿ, ಪ್ರಮಾಣಪತ್ರ (ಅಫಿಡವಿಟ್) ಮತ್ತು ಪರಿಶೀಲಿಸಬಹುದಾದ ಆಧಾರ ಲಗತ್ತಿಸಿ. ನ್ಯಾಯಾಂಗ ನಿಂದನೆಯಾದೀತೆಂದು ಅಂಜಬೇಡಿ. ಸದುದ್ದೇಶದಿಂದ ಹೈಕೋರ್ಟಿಗೆ ಕೊಟ್ಟ ಇಂಥ ದೂರು ನಿಂದನೆಯಲ್ಲವೆಂದು 1971ರ ಕಾಯ್ದೆಯ 6ನೇ ಕಲಮೇ ಹೇಳುತ್ತದೆ.

ಪಾಲಿನ ದಾವೆ ಸೋತ ಹಿರಿಯರೊಬ್ಬರು ನಾಲ್ಕು ಪುಟದ ದೂರು ಬರೆದು ತಂದಿದ್ದರು. ‘ದುಡ್ಡು ತಿಂದಿದ್ದಾರೆ’ ಎಂದು ಒಂಬತ್ತು ಕಡೆ ಇತ್ತು. ಕಂಡವರು ಯಾರೆಂದರೆ ಉತ್ತರವಿಲ್ಲ. ಅಷ್ಟನ್ನೂ ಹೊಡೆದುಹಾಕಿದೆ. ಉಳಿದದ್ದು ಒಂದು ತಾರೀಖು, ಕಟಕಟೆಯಲ್ಲಿ ನಿಂತಿದ್ದ ಅವರ ಹೆಂಡತಿಗೆ ನ್ಯಾಯಾಧೀಶರು ಆಡಿದ ಒಂದು ಹೊಲಸು ಮಾತು, ಅದನ್ನು ಕೇಳಿಸಿಕೊಂಡ ಇಬ್ಬರ ಹೆಸರು. ಮುಕ್ಕಾಲು ಪುಟವಾಯಿತು.

ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳನ್ನು ತೆಗೆಯುವುದು ಸಂಸತ್ತಿನ ಕೆಲಸ. ನಿರ್ಣಯ ಮಂಡಿಸಲಿಕ್ಕೇ ಲೋಕಸಭೆಯ 100 ಇಲ್ಲವೇ ರಾಜ್ಯಸಭೆಯ 50 ಸದಸ್ಯರ ಸಹಿ ಬೇಕು. 1993ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ವಿ. ರಾಮಸ್ವಾಮಿಯವರ ವಿರುದ್ಧದ ನಿರ್ಣಯ ಲೋಕಸಭೆಯಲ್ಲಿ ಬಿದ್ದುಹೋಯಿತು. 2011ರಲ್ಲಿ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ ಸೌಮಿತ್ರ ಸೇನ್ ರಾಜ್ಯಸಭೆಯ ಮತದಾನದ ನಂತರ ರಾಜೀನಾಮೆ ಕೊಟ್ಟರು. ಆದರೆ ಜನರ ಕಣ್ಣಿಗೂ ಬಲವಿದೆ. 2024ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಕಲಾಪದಲ್ಲಿ ಆಡಿದ ಮಾತಿನ ವಿಡಿಯೊ ಹರಡಿ, ಸುಪ್ರೀಂ ಕೋರ್ಟ್ ತಾನೇ ಪ್ರಕರಣ ಕೈಗೆತ್ತಿಕೊಂಡಿತು; ಅವರು ತೆರೆದ ನ್ಯಾಯಾಲಯದಲ್ಲೇ ವಿಷಾದ ವ್ಯಕ್ತಪಡಿಸಿದರು.

ಆ ಹಿರಿಯರಿಗೆ ಕೆಲವು ತಿಂಗಳ ಬಳಿಕ ಹೇಳಿಕೆ ಕೊಡಲು ಕರೆ ಬಂತು. ಅಷ್ಟರಲ್ಲಿ ಮೇಲ್ಮನವಿಯ ಅವಧಿ ಮುಗಿದಿತ್ತು. ದೂರು ಕೊಟ್ಟ ಮಾತ್ರಕ್ಕೆ ತೀರ್ಪು ಬದಲಾಗುವುದಿಲ್ಲ, ಅವಧಿಯೂ ನಿಲ್ಲುವುದಿಲ್ಲ ಎಂದು ನಾನು ಅವರಿಗೆ ಹೇಳಿರಲಿಲ್ಲ. ವಿಳಂಬ ಮನ್ನಾ ಅರ್ಜಿ ಹಿಡಿದು ಅವರು ವರ್ಷವಿಡೀ ಅಲೆದರು. ಈಗ ಯಾರೇ ಬರಲಿ, ನಕಲಿನ ಅರ್ಜಿಗೆ ಸಹಿ ಹಾಕಿಸಿಕೊಂಡ ಮೇಲೆಯೇ ದೂರಿನ ಹಾಳೆ ಮುಟ್ಟುತ್ತೇನೆ.