ಚಕ್ರ ಇಳಿಯದ ವಿಮಾನದಲ್ಲಿ ನೀವು ಕೂತಿದ್ದರೆ

ಹದಿನೆಂಟು ವರ್ಷ ಶಾರ್ಜಾದಲ್ಲಿ ವಿಮಾನದ ಚಕ್ರ ಬದಲಿಸುವ ಕೆಲಸ ಮಾಡಿದವನು ನಾನು. ಈಗ ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡಿದ್ದೇನೆ. ಗಲ್ಫಿಗೆ ಹೊರಟ ಹುಡುಗರು ಬಂದು ಕೇಳುತ್ತಾರೆ, "ಮಾವ, ಚಕ್ರ ಇಳಿಯದಿದ್ರೆ ಏನು ಗತಿ?"

ಚಕ್ರ ಇಳಿಸುವ ಹೈಡ್ರಾಲಿಕ್, ಅಂದರೆ ಎಣ್ಣೆಯ ಒತ್ತಡದ ವ್ಯವಸ್ಥೆ, ಕೈಕೊಟ್ಟರೂ ಬೇರೆ ದಾರಿ ಇದೆ. ಬೋಯಿಂಗ್ 737ರ ಕಾಕ್‌ಪಿಟ್ ನೆಲದಲ್ಲಿ ಒಂದು ಮುಚ್ಚಳದಡಿ ಮೂರು ಹಿಡಿಗಳಿವೆ. ಎಳೆದರೆ ಕೊಂಡಿ ಬಿಡುತ್ತದೆ, ಚಕ್ರ ತನ್ನ ಭಾರಕ್ಕೇ ಕೆಳಗೆ ಬರುತ್ತದೆ. ಮೂರು ಹಸಿರು ದೀಪ ಹತ್ತಿದರೆ ಲಾಕ್ ಆಯಿತು ಅಂತ ಲೆಕ್ಕ. 2011ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಒಂದು ಬೋಯಿಂಗ್ 767ಕ್ಕೆ ಅದೂ ಆಗಲಿಲ್ಲ, ಹೊಟ್ಟೆಯ ಮೇಲೇ ಇಳಿಯಿತು. ಒಳಗಿದ್ದ 231 ಜನರಲ್ಲಿ ಒಬ್ಬರೂ ಸಾಯಲಿಲ್ಲ.

ವಿಮಾನ ಸುಮ್ನೆ ಸುತ್ತು ಹಾಕುತ್ತಿದ್ದರೆ ಗಾಬರಿ ಬೇಡ. ಇಳಿಯುವ ಮೊದಲು ಭಾರ ಇಳಿಸಬೇಕು; 737ರಲ್ಲಿ ಇಂಧನ ಹೊರಗೆ ಚೆಲ್ಲಲು ಆಗುವುದಿಲ್ಲ, ಹಾರಿಯೇ ಸುಡಬೇಕು. 2024ರ ಅಕ್ಟೋಬರ್ 11ರಂದು ತಿರುಚ್ಚಿಯಿಂದ ಶಾರ್ಜಾಕ್ಕೆ ಹೊರಟ ವಿಮಾನ ಹೈಡ್ರಾಲಿಕ್ ಕೈಕೊಟ್ಟು ಎರಡು ಗಂಟೆಗೂ ಜಾಸ್ತಿ ಸುತ್ತಿ, ಕ್ಷೇಮವಾಗಿ ಇಳಿಯಿತು.

ಇನ್ನು ನಿಮ್ಮ ಕೆಲಸ. ಕೂತ ಕೂಡಲೇ ಬಾಗಿಲಿಗೆ ಎಷ್ಟು ಸಾಲು ಅಂತ ಮುಂದೆಯೂ ಹಿಂದೆಯೂ ಎಣಿಸಿ. ಹೊಗೆ ತುಂಬಿದರೆ ಕೈಯಲ್ಲಿ ಸೀಟು ತಡವಿಕೊಂಡೇ ಹೋಗಬೇಕು. ಬೆಲ್ಟನ್ನು ಹೊಟ್ಟೆಗಲ್ಲ, ಸೊಂಟಕ್ಕೆ ಬಿಗಿಯಿರಿ. "ಬ್ರೇಸ್" (ಹೊಡೆತಕ್ಕೆ ಸಿದ್ಧರಾಗಿ) ಎಂದು ಸಿಬ್ಬಂದಿ ಕೂಗಿದಾಗ ತಲೆಯನ್ನು ಮುಂದಿನ ಸೀಟಿಗೆ ಒತ್ತಿ, ಪಾದ ನೆಲಕ್ಕೆ ಊರಿ. ವಿಮಾನ ಪೂರ್ತಿ ನಿಲ್ಲುವ ತನಕ ಏಳಬೇಡಿ.

ನನಗೆ ನಿಜವಾಗಿ ಹೆದರಿಕೆ ಚಕ್ರದ್ದಲ್ಲ, ಬ್ಯಾಗಿನದ್ದು. ಬಾಗಿಲುಗಳಲ್ಲಿ ಅರ್ಧದಷ್ಟು ತೆರೆಯದಿದ್ದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವಂತೆ ವಿಮಾನ ಕಟ್ಟಿರುತ್ತಾರೆ. ಆ ಲೆಕ್ಕದಲ್ಲಿ ಹಪ್ಪಳದ ಕಟ್ಟಿಗೆ ಜಾಗವಿಲ್ಲ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಬಂದ ವಿಮಾನ ದುಬೈಯಲ್ಲಿ ಇಳಿಯಲು ಹೋಗಿ, ಮತ್ತೆ ಮೇಲೇರುವಾಗ ಚಕ್ರ ಒಳಗೆ ಹೋಗುತ್ತಿದ್ದಂತೆ ರನ್‌ವೇಗೆ ಬಡಿಯಿತು. 300 ಜನರೂ ಹೊರಬಂದರು, ಸರಿ. ಆದರೆ ವಿಡಿಯೋ ನೋಡಿ, ಹೊಗೆಯ ನಡುವೆ ನಮ್ಮವರು ಮೇಲಿನಿಂದ ಬ್ಯಾಗ್ ಎಳೆಯುತ್ತಿದ್ದಾರೆ! ಸಿಟ್ಟು ಬರುತ್ತದೆ, ಅಲ್ವಾ? ಆಮೇಲೆ ಬೆಂಕಿ ನಂದಿಸಲು ಬಂದವರೊಬ್ಬರು ಜೀವ ಬಿಟ್ಟರು.

ಹಾಗಾಗಿ ಪಾಸ್‌ಪೋರ್ಟು, ಫೋನು, ದಿನದ ಮಾತ್ರೆ ಹತ್ತುವಾಗಲೇ ಅಂಗಿಯ ಜೇಬಿನಲ್ಲಿರಲಿ. ಆಗ ಮೇಲೆ ಕೈ ಹಾಕುವ ನೆಪವೇ ಇರುವುದಿಲ್ಲ. ಹೀಲ್ಸ್ ಇದ್ದರೆ ಬಿಚ್ಚಿಡಿ, ಇಲ್ಲದಿದ್ದರೆ ಬಾಗಿಲಿಂದ ಕೆಳಗಿಳಿಯಲು ಬಿಡುವ ಗಾಳಿ ತುಂಬಿದ ಜಾರುಬಂಡೆ ಹರಿದುಹೋಗುತ್ತದೆ. ಎದೆಗೆ ಕೈ ಕಟ್ಟಿ ಹಾರಿ, ಕೆಳಗೆ ಮುಟ್ಟಿದ ಮೇಲೆ ನಿಲ್ಲದೆ ದೂರ ನಡೆಯಿರಿ. ಅಮ್ಮನಿಗೆ ಫೋನ್ ಅಲ್ಲಿಂದ ಮಾಡಬಹುದು.